ಗತ್ತಿನ ದನಿ: ಚುನಾವಣಾ ದಿನಗಳ ಪುಟಗಳು

ಏಪ್ರಿಲ್ 29, 2023, ಶನಿವಾರ, ಆರ್.ಟಿ. ನಗರ

ಸ್ಟುಡಿಯೋದಲ್ಲಿ ಈಗ ಬರೀ ಎಲೆಕ್ಷನ್ ಕೆಲಸ. ಒಬ್ಬ ಅಭ್ಯರ್ಥಿ ಬಂದಿದ್ದರು, ಮತದಾರರ ಮೊಬೈಲಿಗೆ ಹೋಗುವ ಕರೆಯ ರೆಕಾರ್ಡಿಂಗಿಗೆ. “ಸಾರ್, ನನ್ ವಾಯ್ಸು ಸಣ್ಣ. ಸ್ವಲ್ಪ ಗತ್ತು ಬರೋ ಹಂಗ್ ಮಾಡ್ಕೊಡಿ” ಅಂದರು. ಪಿಚ್ ಅರ್ಧ ಸ್ವರ ಇಳಿಸಿದೆ, ಸಮಾಧಾನವಾಗಲಿಲ್ಲ. ಒಂದು ಸ್ವರ ಇಳಿಸಿದೆ, ಮುಖ ಅರಳಿತು. ಇನ್ನಷ್ಟು ಇಳಿಸಿದರೆ ಜೊತೆಗಿದ್ದ ಹುಡುಗನೇ, “ಅಣ್ಣಾ, ಇದು ಸಿನಿಮಾ ವಿಲನ್ನು” ಅಂದ. ಒಂದಕ್ಕೇ ನಿಲ್ಲಿಸಿದೆವು. ಮಾತಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಮೇ 2, ಮಂಗಳವಾರ

ಆತ ಕೇಳಿದ್ದು ಹುಚ್ಚಾಟವೇನಲ್ಲ. 2012ರಲ್ಲಿ ಅಮೆರಿಕದ ಕ್ಲಾಫ್‌ಸ್ಟಾಡ್, ಆಂಡರ್ಸನ್, ಪೀಟರ್ಸ್ ಇದನ್ನೇ ಪರೀಕ್ಷಿಸಿದ್ದರು. ‘ಈ ನವೆಂಬರಿನಲ್ಲಿ ನನಗೆ ಮತ ಹಾಕಿ’ ಎಂಬರ್ಥದ ಒಂದೇ ವಾಕ್ಯವನ್ನು ಏರು, ಇಳಿ ಎರಡೂ ಪಿಚ್ಚಿನಲ್ಲಿ ಕೇಳಿಸಿದರೆ ಹೆಚ್ಚಿನವರು ಒಲಿದದ್ದು ಇಳಿದ ದನಿಗೆ. ಹೆಣ್ಣಿನ ದನಿಯಾದರೂ ಅಷ್ಟೇ. ಮಾರ್ಗರೆಟ್ ಥ್ಯಾಚರ್ ತರಬೇತಿ ಪಡೆದು ದನಿ ಇಳಿಸಿಕೊಂಡಿದ್ದು ಸುಮ್ಮನೆಯಲ್ಲ.

ಮೇ 5, ಶುಕ್ರವಾರ

ಅಮ್ಮನ ಮೊಬೈಲಿಗೂ ಆ ಕರೆ ಬಂತು. “ದನಿ ಕೇಳಿದ್ರೆ ಕೆಲಸ ಮಾಡೋ ಮನುಷ್ಯ ಅನ್ಸತ್ತೆ” ಅಂದಳು. ಸಂಜೆ ಅದೇ ಅಭ್ಯರ್ಥಿ ಬಿಲ್ ಕೇಳಲು ಫೋನ್ ಮಾಡಿದಾಗ ಎತ್ತಿದವಳೂ ಅವಳೇ. “ಯಾವನೋ ಹುಡುಗ, ನಿನ್ನೇ ಕೇಳ್ತಿದಾನೆ” ಎಂದು ನನ್ನ ಕೈಗೆ ಕೊಟ್ಟಳು.

ಮೇ 8, ಸೋಮವಾರ

ಸಂಜೆ ಆರಕ್ಕೆ ಬಹಿರಂಗ ಪ್ರಚಾರ ಮುಗಿಯಿತು. ಮಧ್ಯಾಹ್ನ ಗಂಗಾನಗರದಲ್ಲಿ ಪ್ರಚಾರದ ಆಟೋ ಹಿಂದೆ ಸಿಕ್ಕಿಕೊಂಡಿದ್ದೆ. ಆಟೋ ಮೇಲಿನ ಹಾರ್ನ್ ಸ್ಪೀಕರಿಗೆ ಬೇಸ್ ಒಗ್ಗುವುದೇ ಇಲ್ಲ. ಎಂಥ ಗಡಸು ದನಿಯೂ ಅದರಲ್ಲಿ ಕೀರಲು. ಮತ್ತೆ, ಗತ್ತು ದನಿಯಲ್ಲೇ ಇರಬೇಕೆಂದೇನೂ ಇಲ್ಲ. ಯಡಿಯೂರಪ್ಪನವರು ಗುಡುಗಿಯೇ ಮುಖ್ಯಮಂತ್ರಿಯಾದರು. ಮೆಲ್ಲಗೆ ಮಾತಾಡುವ ದೇವೇಗೌಡರು 1996ರಲ್ಲಿ ಪ್ರಧಾನಿಯೇ ಆದರು.

ಮೇ 13, ಶನಿವಾರ

ಫಲಿತಾಂಶ ಬಂತು. ನಮ್ಮ ಗಿರಾಕಿ ಸೋತರು. ಈ ಕಡೆ ಗೆದ್ದವರು ಹೆಬ್ಬಾಳದಲ್ಲಿ ಬೈರತಿ ಸುರೇಶ್, ಬ್ಯಾಟರಾಯನಪುರದಲ್ಲಿ ಕೃಷ್ಣ ಬೈರೇಗೌಡ, ಯಲಹಂಕದಲ್ಲಿ ಎಸ್.ಆರ್. ವಿಶ್ವನಾಥ್, ಯಶವಂತಪುರದಲ್ಲಿ ಎಸ್.ಟಿ. ಸೋಮಶೇಖರ್. ಇಬ್ಬರು ಕಾಂಗ್ರೆಸ್, ಇಬ್ಬರು ಬಿಜೆಪಿ. ರಾಜ್ಯದಲ್ಲಿ ಕಾಂಗ್ರೆಸ್ 135 ಗೆದ್ದು ಸರ್ಕಾರವೇ ಬದಲಾಗುತ್ತಿದೆ. ಇಲ್ಲಿ ಮಾತ್ರ ನಾಲ್ವರೂ ಹಾಲಿ ಶಾಸಕರೇ.

2012ರ ಆ ಪ್ರಯೋಗದಲ್ಲಿ ಕೇಳುಗರ ಕೈಲಿದ್ದದ್ದು ದನಿಯೊಂದೇ. ಪಕ್ಷವಿಲ್ಲ, ಜಾತಿಯಿಲ್ಲ, ಮೋರಿಯ ಜಗಳವಿಲ್ಲ. ನಮ್ಮ ಬೀದಿಯವರಿಗೆ ಇವೆಲ್ಲ ಗೊತ್ತು. ಗುರುತಿಲ್ಲದ ಮನುಷ್ಯನಾದರೆ ಜನ ದನಿಯನ್ನೇ ನೆಚ್ಚುತ್ತಾರೆ, ಅಮ್ಮ ನೆಚ್ಚಿದ ಹಾಗೆ. ಆದರೆ ಆ ಮೊದಲ ಹತ್ತು ಸೆಕೆಂಡು ಯಾರೂ ಕರೆ ಕಟ್ ಮಾಡದಂತೆ ನೋಡಿಕೊಳ್ಳುವುದಷ್ಟೇ ನನ್ನ ಮಿಕ್ಸರಿನ ಕೈಲಾಗುವುದು. ಮುಂದಿನ ಸಲ ಗತ್ತು ಕೇಳಿಕೊಂಡು ಬಂದವರಿಗೆ ದುಡ್ಡು ಇಸಿದುಕೊಳ್ಳುವ ಮೊದಲೇ ಇದನ್ನು ಹೇಳಬೇಕು.