ಬೆಟ್ಟವನ್ನು ಕೇಳಿ ಹೋಗೋಣ

ಪರೀಕ್ಷೆಗಳು ಮುಗಿಯುವ ಹೊತ್ತಿಗೆ ನಮ್ಮ ಗುರುನಿವಾಸದ ಬಾಗಿಲಿಗೆ ಎರಡು ಬಗೆಯ ಜನ ಬರುತ್ತಾರೆ. ಮೊದಲು ಬರುವವರು ಧರ್ಮಕೇಂದ್ರದ ಯುವಕ ಯುವತಿಯರು. “ಫಾದರ್, ಈ ರಜೆಯಲ್ಲಿ ಬೆಟ್ಟ ಹತ್ತೋಣ, ರಾತ್ರಿ ಕಾಡಿನಲ್ಲೇ ಟೆಂಟ್ ಹಾಕಿ ಮಲಗೋಣ” ಎನ್ನುತ್ತಾರೆ. ಅವರು ಹೋದ ಮೇಲೆ ಅವರ ತಾಯಂದಿರು ಬರುತ್ತಾರೆ. “ನೀವೇ ಬೇಡ ಅಂದುಬಿಡಿ ಫಾದರ್, ನಮ್ಮ ಮಾತು ಕೇಳೋದಿಲ್ಲ” ಎನ್ನುತ್ತಾರೆ. ಇರುವ ಒಬ್ಬನೇ ಮಗನನ್ನು ಕಷ್ಟಪಟ್ಟು ಓದಿಸುತ್ತಿರುವ ಒಬ್ಬ ತಾಯಿ ಒಮ್ಮೆ ನೇರವಾಗಿಯೇ ಕೇಳಿದರು: “ಏನಾದರೂ ಆದರೆ ಯಾರು ಹೊಣೆ?”

ಪ್ರಿಯ ಓದುಗರೇ, ಈ ಪ್ರಶ್ನೆಗೆ ‘ಹೋಗಲಿ’ ಅಥವಾ ‘ಬೇಡ’ ಎಂಬ ಒಂದು ಮಾತಿನ ಉತ್ತರ ಸಾಲದು. ಇದಕ್ಕೆ ತಕ್ಕ ಉತ್ತರ ನನಗೆ ಹೊಳೆದದ್ದು ಕೊಂಬೈ ಎಂಬ ಊರಿನಲ್ಲಿ. ಗುರುಮಠದಲ್ಲಿ ನನ್ನ ಜೊತೆ ಓದಿದ ಗೆಳೆಯರೊಬ್ಬರು ಕಂಬಂ ಕಣಿವೆಯಲ್ಲಿ ಸೇವೆಯಲ್ಲಿದ್ದಾಗ ಕೆಲವು ದಿನ ಅವರ ಜೊತೆ ಇದ್ದು ಆ ಸೀಮೆಯನ್ನು ನೋಡಿದೆ.

ಕೊಂಬೈ ಇರುವುದು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಉತ್ತಮಪಾಳ್ಯದ ಹತ್ತಿರ, ಪಶ್ಚಿಮ ಘಟ್ಟದ ಬುಡದಲ್ಲಿ. ಊರಿನ ಹೆಸರಿನ ಬೇಟೆನಾಯಿಯ ತಳಿಯೂ ಪ್ರಸಿದ್ಧ. ನಮ್ಮ ಮುಧೋಳ ನಾಯಿಯ ಹಾಗೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಅಲ್ಲಿ ಕೇಳಿದ ಕನ್ನಡ. ಈ ಕಣಿವೆಯಲ್ಲಿ ತಲೆತಲಾಂತರದಿಂದ ಮನೆಯೊಳಗೆ ಕನ್ನಡ ಮಾತನಾಡುವ ಒಕ್ಕಲಿಗ ಗೌಡರಿದ್ದಾರೆ. ಕಪ್ಪಿಲಿಯರೆಂದೂ ಇವರನ್ನು ಕರೆಯುತ್ತಾರೆ. 1906ರ ಮಧುರೆ ಜಿಲ್ಲೆಯ ಗೆಜೆಟಿಯರ್‌ನಲ್ಲೂ ಇವರ ಪ್ರಸ್ತಾಪವಿದೆ. ಓದು ಬರಹವೆಲ್ಲ ತಮಿಳಿನಲ್ಲಿ. ಅಡುಗೆಮನೆಯ ಮಾತು ಮಾತ್ರ ಕನ್ನಡ. ಕಂಬಂ ಪಟ್ಟಣದಲ್ಲಿ ಇವರು ಕಾಪಾಡಿಕೊಂಡು ಬಂದಿರುವ ಒಂದು ಪವಿತ್ರ ದನದ ಹಿಂಡಿದೆ. ಅದಕ್ಕೆ ಕನ್ನಡದಲ್ಲಿ ‘ದೇವರು ಆವು’ ಎಂದು ಹೆಸರು.

ದನ ಕಾಯುವವರಿಗೆ ಬೆಟ್ಟ ಗೊತ್ತಿರಲೇಬೇಕಲ್ಲವೇ? ಕೊಂಬೈಯ ಒಬ್ಬ ಹಿರಿಯ ಗೌಡರ ಜಗಲಿಯ ಮೇಲೆ ಕುಳಿತು ನಾನು ಕೇಳಿದೆ: “ಗೌಡ್ರೇ, ಈ ಬೆಟ್ಟಕ್ಕೆ ಯಾವಾಗ ಹೋಗಬೇಕು?”

ಅವರು ನಕ್ಕರು. “ಸಾಮಿ, ಹುಲ್ಲು ಹಸುರಾಗಿರೋವಾಗ ಹೋಗಬೇಕು. ಹುಲ್ಲು ಒಣಗಿದ ಮೇಲೆ ಬೆಟ್ಟ ನಮ್ಮದಲ್ಲ. ಹೋಗೋವಾಗ ಮನೇಲಿ ಹೇಳಿ ಹೋಗಬೇಕು. ಬರ್ತೀನಿ ಅಂದ ದಿನಕ್ಕೆ ಬರಬೇಕು.”

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಸುತ್ತಲಿನ ತಾಣಗಳನ್ನು ನೋಡಿದೆ. ನಮ್ಮ ಕುಟುಂಬಗಳು ಆ ಕಡೆ ಹೋಗುವುದಾದರೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಕೊಂಬೈಯ ನೆತ್ತಿಯ ಮೇಲೇ ರಾಮಕ್ಕಲ್‌ಮೇಡು ಇದೆ. ಅದು ಕೇರಳದ ಇಡುಕ್ಕಿ ಜಿಲ್ಲೆಗೆ ಸೇರಿದ್ದು, ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರ. ಅಲ್ಲಿ ನಿಂತರೆ ಕೊಂಬೈ, ತೇವಾರಂ, ಕಂಬಂ ಊರುಗಳು ಚಾಪೆ ಹಾಸಿದಂತೆ ಕಾಣುತ್ತವೆ. ಗಾಳಿ ಎಷ್ಟು ಜೋರೆಂದರೆ ಅಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಕೊಂಬೈಯಿಂದ ಕಣ್ಣಿಗೆ ಕೈಗೆಟುಕುವಷ್ಟು ಹತ್ತಿರ ಕಂಡರೂ ವಾಹನದವರು ಕಂಬಂಮೆಟ್ಟು ಘಾಟಿಯನ್ನು ಸುತ್ತಿಕೊಂಡೇ ಹೋಗಬೇಕು.

ಕಣಿವೆಯ ಇನ್ನೊಂದು ಬದಿಗೆ ಮೇಘಮಲೈ. ಚಿನ್ನಮನೂರಿನಿಂದ ಹತ್ತುವ ದಾರಿಯಲ್ಲಿ 18 ಹೇರ್‌ಪಿನ್ ತಿರುವುಗಳಿವೆ. ಒಂದೊಂದಕ್ಕೂ ಒಂದೊಂದು ಹೂವಿನ ತಮಿಳು ಹೆಸರು. ಮೇಲೆ ಚಹಾ ತೋಟ, ಸಣ್ಣ ಅಣೆಕಟ್ಟುಗಳ ನೀರು, ಕಾಡು. ಸಾಲಿಂ ಅಲಿಯವರ ಹೆಸರು ಹೊತ್ತ ಅಪರೂಪದ ಹಣ್ಣುಬಾವಲಿ 1948ರಲ್ಲಿ ಮೊದಲು ಸಿಕ್ಕಿದ್ದು ಈ ಬೆಟ್ಟಗಳಲ್ಲೇ. 2021ರಲ್ಲಿ ಸರ್ಕಾರ ಇದನ್ನು ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಮೀಸಲು ಪ್ರದೇಶವೆಂದು ಘೋಷಿಸಿತು. ಆದ್ದರಿಂದ ಮನಸ್ಸಿಗೆ ಬಂದಲ್ಲಿ ಟೆಂಟ್ ಹಾಕುವಂತಿಲ್ಲ. ರಾತ್ರಿ ಉಳಿಯುವವರು ತೋಟಗಳ ನಡುವಿನ ವಸತಿಗೃಹಗಳಲ್ಲಿ ಮುಂಚಿತವಾಗಿ ಜಾಗ ಗೊತ್ತುಮಾಡಿಕೊಂಡು, ಬೆಳಕಿರುವಾಗಲೇ ಮೇಲೆ ತಲುಪಬೇಕು.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕಂಬಂ ಹತ್ತಿರದ ಸುರುಳಿ ಜಲಪಾತ ಸಾಕು. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮರಳಬಹುದು. ಆದರೆ ಮೇಲೆ ಮಳೆ ಸುರಿದು ನೀರು ಏರಿದಾಗಲೂ ಆನೆಗಳು ಸುಳಿದಾಡುವಾಗಲೂ ಅರಣ್ಯ ಇಲಾಖೆಯವರು ಸ್ನಾನಕ್ಕೆ ಬಿಡುವುದಿಲ್ಲ. ಆಗ ಅವರೊಡನೆ ವಾದ ಮಾಡಬಾರದು. 2023ರ ಮೇ 27ರಂದು ಅರಿಕೊಂಬನ್ ಎಂಬ ಕಾಡಾನೆ ಕಂಬಂ ಪಟ್ಟಣದ ಬೀದಿಗೇ ಬಂದಿತ್ತು. ಅದರಿಂದ ಗಾಯಗೊಂಡ ಒಬ್ಬರು ತೀರಿಕೊಂಡರು. ಜೂನ್ 5ರಂದು ಅದನ್ನು ಹಿಡಿದು ದೂರದ ಕಾಡಿಗೆ ಸಾಗಿಸಿದರು. ಪಟ್ಟಣಕ್ಕೇ ಬರುವ ಆನೆ ಜಲಪಾತದ ದಾರಿಗೆ ಬಾರದೇ?

ಬೆಳಗಿನ ಸೂರ್ಯನನ್ನು ನೋಡಬೇಕೆನ್ನುವವರು ಕೊಳುಕ್ಕುಮಲೈಗೆ ಹೋಗುತ್ತಾರೆ. 7,000 ಅಡಿಗೂ ಎತ್ತರದಲ್ಲಿರುವ ಆ ಚಹಾ ತೋಟ ತೇನಿ ಜಿಲ್ಲೆಗೆ ಸೇರಿದ್ದರೂ ಜೀಪು ದಾರಿ ಇರುವುದು ಕೇರಳದ ಸೂರ್ಯನೆಲ್ಲಿಯಿಂದ. ತೇನಿ ಕಡೆಯಿಂದ, ಬೋಡಿ ಹತ್ತಿರದ ಕುರಂಗಣಿ ಹಳ್ಳಿಯಿಂದ, ಇರುವುದು ಕಾಲುದಾರಿ.

ಕುರಂಗಣಿ ಎಂದೊಡನೆ ಆ ಕಣಿವೆಯ ಜನ ಮೌನವಾಗುತ್ತಾರೆ. 2018ರ ಮಾರ್ಚ್ 11, ಭಾನುವಾರ. ಚೆನ್ನೈಯಿಂದ ಒಂದು ಗುಂಪು, ಈರೋಡು–ತಿರುಪ್ಪೂರು ಕಡೆಯಿಂದ ಇನ್ನೊಂದು ಗುಂಪು ಚಾರಣಕ್ಕೆ ಬಂದಿದ್ದವು. ಹೆಚ್ಚಿನವರು ಎಳೆಯ ಪ್ರಾಯದವರು, ಅವರಲ್ಲಿ ಹೆಣ್ಣುಮಕ್ಕಳೇ ಬಹಳ. ಇಳಿಯುವ ದಾರಿಯಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಗಾಳಿಯ ಜೊತೆ ಓಡಿಬಂದು ಅವರನ್ನು ಸುತ್ತಿಕೊಂಡಿತು. ಕುರಂಗಣಿಯವರೂ ಸುತ್ತಲಿನ ತೋಟದವರೂ ಕತ್ತಲಲ್ಲಿ ಹತ್ತಿ ಗಾಯಾಳುಗಳನ್ನು ಹೊತ್ತು ಇಳಿಸಿದರು. ಆ ದಿನವೂ ಮುಂದಿನ ವಾರಗಳಲ್ಲಿ ಆಸ್ಪತ್ರೆಗಳಲ್ಲೂ ಒಟ್ಟು 23 ಮಂದಿ ಪ್ರಾಣ ಕಳೆದುಕೊಂಡರು.

ಇದನ್ನು ಬರೆಯುವುದು ಹೆದರಿಸಲಿಕ್ಕಲ್ಲ. ಬೆಂಕಿಯ ಸ್ವಭಾವ ನಮ್ಮ ಮಕ್ಕಳಿಗೆ ತಿಳಿದಿರಲಿ ಎಂದು. ಸಮತಟ್ಟಿಗಿಂತ ಏರಿನಲ್ಲಿ ಬೆಂಕಿ ಬೇಗ ಓಡುತ್ತದೆ, ಏಕೆಂದರೆ ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿರುತ್ತದೆ. ಕಿರಿದಾದ ಕೊರಕಲು ಹೊಗೆಗೂಡಿನಂತೆ ಬೆಂಕಿಯನ್ನು ಮೇಲಕ್ಕೆ ಎಳೆಯುತ್ತದೆ. ನಗರದಿಂದ ಹೋದವರಿಗೆ ಇದು ಹೇಗೆ ಗೊತ್ತಾಗಬೇಕು? ಗೌಡರಿಗೆ ಗೊತ್ತು. ‘ಹುಲ್ಲು ಒಣಗಿದ ಮೇಲೆ ಬೆಟ್ಟ ನಮ್ಮದಲ್ಲ’ ಎಂಬ ಮಾತಿನ ತೂಕ ನನಗೆ ಪೂರ್ತಿಯಾಗಿ ತಿಳಿದದ್ದು ಕುರಂಗಣಿಯ ಬುಡದಲ್ಲಿ ನಿಂತಾಗ.

ಆ ದುರಂತದ ನಂತರ 2018ರಲ್ಲೇ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಗಳನ್ನು ಮಾಡಿತು. 2024ರ ಅಕ್ಟೋಬರ್‌ನಲ್ಲಿ ರಾಜ್ಯದ 40 ದಾರಿಗಳನ್ನು ಗುರುತಿಸಿ, ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಗಳ ಜೊತೆ ಹೋಗುವ ವ್ಯವಸ್ಥೆ ತಂದಿತು. 2025ರಲ್ಲಿ ಫೆಬ್ರವರಿ 15ರಿಂದ ಏಪ್ರಿಲ್ 15ರವರೆಗೆ, ಕಾಡ್ಗಿಚ್ಚಿನ ಕಾಲವೆಂದು, ಆ ದಾರಿಗಳನ್ನೆಲ್ಲ ಮುಚ್ಚಿದರು. ಓದಿದಾಗ ನನಗೆ ಗೌಡರ ನೆನಪಾಯಿತು. ಅವರ ಜಗಲಿಯ ಮಾತನ್ನೇ ಸರ್ಕಾರ ತಾರೀಖು ಹಾಕಿ ಬರೆದಂತಿತ್ತು.

ನಮ್ಮ ರಾಜ್ಯದಲ್ಲೂ ಹೀಗೆಯೇ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಜಾತ್ರೆಯಂತೆ ಸೇರಿದರು. ಆ ಮೇಲೆ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ನೋಂದಣಿ ತಂದು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯನ್ನು ಹಾಕಿತು. ನಮ್ಮ ಹುಡುಗರು ಇದಕ್ಕೆ ಗೊಣಗಿದರು. ನಾನು ಅವರಿಗೆ ಹೇಳಿದ್ದಿಷ್ಟೆ: “ನಮ್ಮ ಮನೆಗೆ ಬರುವವರು ಬಾಗಿಲು ತಟ್ಟಿ ಬರಲಿ ಎನ್ನುತ್ತೇವೆ. ಕಾಡೂ ಯಾರದೋ ಮನೆಯಲ್ಲವೇ?”

ಹಾಗಾದರೆ ಆ ತಾಯಿಗೆ ನಾನು ಕೊಟ್ಟ ಉತ್ತರವೇನು? ‘ಬೇಡ’ ಎನ್ನಲಿಲ್ಲ. ಇಡೀ ದಿನ ಫೋನು ಹಿಡಿದು ಕೂರುವ ಮಗ ಒಂದು ದಿನ ಬೆವರು ಸುರಿಸಿ ಬೆಟ್ಟ ಹತ್ತಿ, ಗೆಳೆಯನ ಚೀಲವನ್ನೂ ಹೊತ್ತು, ಇದ್ದ ಒಂದು ಬಾಟಲಿ ನೀರನ್ನು ಹಂಚಿ ಕುಡಿದರೆ ಅದು ಯಾವ ಉಪದೇಶಕ್ಕೂ ಕಡಿಮೆಯಲ್ಲ. ಆದರೆ ಪ್ರವಾಸವನ್ನು ಮಾರ್ಚ್‌ನಿಂದ ಡಿಸೆಂಬರ್‌ಗೆ ಸರಿಸಿದೆವು. ಅನುಮತಿ ಇದ್ದ ದಾರಿಯನ್ನೇ ಆರಿಸಿದೆವು. ಆ ಊರಿನ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಂಡೆವು. ಎಲ್ಲರ ಹೆಸರು, ಮನೆಯ ನಂಬರು, ಮರಳುವ ಹೊತ್ತು ಬರೆದ ಒಂದು ಹಾಳೆ ಗುರುನಿವಾಸದಲ್ಲಿ, ಇನ್ನೊಂದು ಆ ತಾಯಿಯ ಕೈಯಲ್ಲಿ. ರಾತ್ರಿ ಕಾಡಿನಲ್ಲಿ ಟೆಂಟ್ ಇಲ್ಲ, ಶಿಬಿರದ ಬೆಂಕಿ ಇಲ್ಲ ಎಂದಾಗ ಹುಡುಗರ ಮುಖ ಸಣ್ಣದಾಯಿತು. ವಸತಿಗೃಹದ ಅಂಗಳದಲ್ಲಿ ಚಳಿಗೆ ಕಂಬಳಿ ಹೊದ್ದು ನಕ್ಷತ್ರ ನೋಡುತ್ತಾ ಹಾಡಲು ಕುಳಿತಾಗ ಆ ಬೇಸರ ಯಾರಿಗೂ ನೆನಪಿರಲಿಲ್ಲ.

ಮಾರ್ಗದರ್ಶಿ ಒಂದು ಕಡೆ ನಿಂತು, “ಇಲ್ಲಿಂದ ಮುಂದೆ ಬೇಡ, ಆನೆ ಲದ್ದಿ ಹಸಿ ಇದೆ” ಎಂದಾಗ ಶಿಖರಕ್ಕೆ ಇನ್ನು ಅರ್ಧ ಗಂಟೆಯ ದಾರಿಯಷ್ಟೇ ಇತ್ತು. ಮೊದಲು ಹಿಂದಿರುಗಿದವನು ಆ ತಾಯಿಯ ಮಗ. “ಬೆಟ್ಟ ಎಲ್ಲಿಗೂ ಹೋಗಲ್ಲ ಬನ್ರೋ” ಎಂದು ಉಳಿದವರನ್ನೂ ಕರೆದ.

ಹೊಣೆ ಯಾರದು ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕೇಳಿಲ್ಲ. ಅಪ್ಪ ಅಮ್ಮ, ಗುರು, ಅರಣ್ಯ ಇಲಾಖೆ ಎಲ್ಲರೂ ಸ್ವಲ್ಪ ದೂರ ಹೊರಬಹುದು. ಕೊನೆಯ ತಿರುವಿನಲ್ಲಿ ಅದನ್ನು ಹೊರಬೇಕಾದವರು ಮಕ್ಕಳೇ. ಅದನ್ನು ಕಲಿಯಲಿಕ್ಕಾದರೂ ಅವರನ್ನು ಬೆಟ್ಟಕ್ಕೆ ಕಳಿಸೋಣ. ಹುಲ್ಲು ಹಸುರಾಗಿರುವಾಗ, ತಿಳಿದವರ ಜೊತೆ, ಮನೆಯಲ್ಲಿ ಹೇಳಿ.