ಟ್ರಿಪ್ ಡೈರಿ 3: ಬೈಪಾಸ್ ಬಿಟ್ಟು ಮದ್ದೂರಿಗೆ

ಬೆಂಗಳೂರಿಂದ ಮೈಸೂರಿಗೆ ಹೊರಟಿದ್ವಿ. ಎಕ್ಸ್‌ಪ್ರೆಸ್‌ವೇಲಿ ಮದ್ದೂರು ಸಿಗಲ್ಲ, ಬರೀ ಬೋರ್ಡ್ ಸಿಗುತ್ತೆ. "ಸರ್ವಿಸ್ ರೋಡಿಗೆ ಇಳ್ಸೋ, ವಡೆ ತಿನ್ನೋಣ" ಅಂದೆ.

ಹಳೇ ರಸ್ತೆಯ ಪುಟ್ಟ ಹೋಟೆಲ್. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕರಿಬೇವು ಕಲಸಿ, ತಟ್ಟಿ ಎಣ್ಣೆಗೆ ಬಿಡ್ತಿದ್ರು. ಬಿಸಿ ವಡೆ, ಕಾಯಿ ಚಟ್ನಿ, ಕಾಫಿ. ಅಷ್ಟು ಟೇಬಲ್‌ಗೆ ನಾವು ನಾಲ್ಕೇ ಜನ.

"2023ರಲ್ಲಿ ಹೊಸ ರೋಡ್ ಆದ್ಮೇಲೆ ಹಿಂಗೇ ಕಣವ್ವ. ಮೊದ್ಲು ಭಾನುವಾರ ಕೂರಕ್ಕೆ ಜಾಗ ಇರ್ತಿರ್ಲಿಲ್ಲ. ಬಾಡಿಗೆ ಮಾತ್ರ ಹಂಗೇ ಅದೆ" ಅಂದ್ರು ಯಜಮಾನ್ರು.

ಫಿಕ್ಸೆಡ್ ಕಾಸ್ಟ್ ಬಗ್ಗೆ ಎಕ್ಸಾಮಲ್ಲಿ ಪುಟಗಟ್ಟಲೆ ಬರೆದಿದ್ದೀನಿ. ಅದರ ಮುಖ ನೋಡಿದ್ದು ಅವತ್ತೇ. "ಬೇಗ ತಲುಪಿದ್ವಿ" ಅಂತ ಬೈಪಾಸಿಂದ ಸ್ಟೋರಿ ಹಾಕಿದವಳೂ ನಾನೇ.

ಮುಂದಿನ ಸಲ ಇಳೀರಿ. ಅರ್ಧ ಗಂಟೆ ತಡವಾದ್ರೆ ಮೈಸೂರೇನೂ ಓಡಿಹೋಗಲ್ಲ.