ಊಡ್ನಡಾಟಾ ದಾರಿಯಲ್ಲಿ ಒಂದು ಹಳೆಯ ಗಾಡಿ

ನನ್ನ ತಮ್ಮನ ಗಾಡಿಗೆ ಮೂವತ್ತು ವರ್ಷ ದಾಟಿದೆ. ಡೀಸೆಲ್ ಗಾಡಿ, ಫೋರ್ ವ್ಹೀಲ್ ಡ್ರೈವ್. ಅಡಿಲೇಡಿನ ಅವನ ಮನೆಯ ಮುಂದೆ ಅದನ್ನು ಮೊದಲ ಸಲ ನೋಡಿದಾಗ, "ಇದನ್ನು ನಂಬಿಕೊಂಡು ಮರುಭೂಮಿಗೆ ಹೋಗೋದಾ?" ಎಂದೆ. ಅವನು ಬಾನೆಟ್ಟು ತಟ್ಟಿ ನಕ್ಕ. "ಭೈಯಾ, ಹೊಸ ಗಾಡಿ ದಾರೀಲಿ ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದುಕೊಂಡವನೇ ಬರಬೇಕು. ಇದಕ್ಕೆ ಸ್ಪ್ಯಾನರ್ ಸಾಕು." ಸ್ಟಾರ್ಟ್ ಮಾಡಿದಾಗ ಬಂದ ಸದ್ದು ಕೇಳಿ ನಾನು ಸುಮ್ಮನಾದೆ. ನಮ್ಮ ಅಬ್ಬಾ ಸೊಂಡೂರಿನಿಂದ ಅದಿರು ತುಂಬಿಕೊಂಡು ಹೊಸಪೇಟೆಗೆ ಬರುತ್ತಿದ್ದ ಲಾರಿಯ ಸದ್ದೇ, ಸ್ವಲ್ಪ ಸಣ್ಣ ದನಿಯಲ್ಲಿ. ಇವನು ಈ ಗಾಡಿ ಕೊಂಡದ್ದು ಸ್ಪ್ಯಾನರಿನ ಕಾರಣಕ್ಕೆ ಮಾತ್ರವಲ್ಲ ಎಂದು ಆಗಲೇ ಗೊತ್ತಾಯಿತು.

ಅದು 2023ರ ಜುಲೈ. ಅಲ್ಲಿ ಚಳಿಗಾಲ. ಬೇಸಿಗೆಯಲ್ಲಿ ಆ ಕಡೆಗೆ ಹೋಗುವವರು ಕಡಿಮೆ. ಊಡ್ನಡಾಟಾ ಎಂಬ ಆ ಪುಟ್ಟ ಊರಿನಲ್ಲಿ 1960ರ ಜನವರಿ 2ರಂದು 50.7 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಗಿದೆ. ಎರಡು ಸ್ಟೆಪ್ನಿ, ಕ್ಯಾನುಗಳಲ್ಲಿ ಡೀಸೆಲ್ಲು, ಮೂರು ದಿನಕ್ಕಾಗಿ ಮಿಗುವಷ್ಟು ನೀರು, ಗಾಳಿ ತುಂಬುವ ಸಣ್ಣ ಯಂತ್ರ, ತಮ್ಮನ ಹೆಂಡತಿ ಕಟ್ಟಿಕೊಟ್ಟ ಚಪಾತಿ, ಖೀಮಾ. ಆಕೆ ಮತ್ತು ಮಕ್ಕಳು ಬರಲಿಲ್ಲ. ಅಣ್ಣತಮ್ಮ ಇಬ್ಬರೇ ಹೋಗಿಬರಲಿ ಎಂದು ಆಕೆಯೇ ಹೂಡಿದ್ದಳೆಂದು ನನಗೆ ಅನುಮಾನ.

ಮರ್ರಿ ಎಂಬ ಊರಿನಿಂದ ಮಾರ್ಲಾವರೆಗೆ ಊಡ್ನಡಾಟಾ ಟ್ರ್ಯಾಕ್ 620 ಕಿಲೋಮೀಟರ್. ಟಾರು ಇಲ್ಲ. ನಡುವೆ ಡೀಸೆಲ್ಲು ಸಿಗುವುದು ವಿಲಿಯಂ ಕ್ರೀಕ್ ಮತ್ತು ಊಡ್ನಡಾಟಾ ಎರಡೇ ಕಡೆ. ಮಳೆ ಬಂದರೆ ದಾರಿಯನ್ನೇ ಮುಚ್ಚಿಬಿಡುತ್ತಾರೆ. ಮರ್ರಿಯಲ್ಲಿ ತಮ್ಮ ನಾಲ್ಕೂ ಚಕ್ರದ ಗಾಳಿ ಇಳಿಸಿದ. ಗಾಳಿ ಕಡಿಮೆಯಾದರೆ ಟೈರು ಕಲ್ಲಿನ ಮೇಲೆ ಮೆತ್ತಗೆ ಕೂರುತ್ತದೆ, ಬೇಗ ಸೀಳುವುದಿಲ್ಲ. ಆಮೇಲೆ ಇಳಿದು ಮುಂದಿನ ಎರಡು ಚಕ್ರಗಳ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಿದ. ಹೊಸ ಗಾಡಿಗಳಲ್ಲಿ ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಇಲ್ಲಿ ಮೊಣಕಾಲೂರಿ ಕೂರಬೇಕು.

ಮರ್ರಿಗೆ ನಾವು ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. 1860ರಿಂದ ಆರಂಭವಾಗಿ ಸುಮಾರು ಅರುವತ್ತು ವರ್ಷ ಈ ಮರುಭೂಮಿಯ ಸರಕನ್ನೆಲ್ಲ ಸಾಗಿಸಿದವರು ಒಂಟೆಯವರು. ಕರಾಚಿಯಿಂದ ಹಡಗು ಹತ್ತಿ ಬಂದ ಪಠಾಣರು, ಬಲೂಚಿಗಳು, ಪಂಜಾಬಿಗಳು, ಸಿಂಧಿಗಳು. ಎಲ್ಲರಿಗೂ ಅಲ್ಲಿಯವರು ಇಟ್ಟ ಹೆಸರು ಒಂದೇ: ಅಫ್ಘಾನರು. ಬಲವಾದ ಗಂಡೊಂಟೆ ಆರು ಕ್ವಿಂಟಾಲ್‌ವರೆಗೆ ಹೊರುತ್ತಿತ್ತು. 1872ರಲ್ಲಿ ಮುಗಿದ ತಂತಿ ಮಾರ್ಗಕ್ಕೆ, ಆಮೇಲೆ ರೈಲು ಹಳಿಗೆ ಬೇಕಾದ ಸಾಮಾನು ಹೋದದ್ದು, ಉಣ್ಣೆ ಬಂದರಿಗೆ ಬಂದದ್ದು ಅವರ ಒಂಟೆಗಳ ಮೇಲೆ. ಮರ್ರಿಯಲ್ಲಿ ರೈಲು ಹಳಿಯ ಒಂದು ಕಡೆ ಬಿಳಿಯರು, ಇನ್ನೊಂದು ಕಡೆ ಇವರು ಮತ್ತು ಮೂಲನಿವಾಸಿಗಳು. ಖಬರಸ್ತಾನದಲ್ಲೂ ಹಾಗೆಯೇ ಪಾಲು. ಅವರು ಮಣ್ಣಿನಲ್ಲಿ ಕಟ್ಟಿಕೊಂಡಿದ್ದ ಮಸೀದಿ ಈಗಿಲ್ಲ, ಅದರ ಮಾದರಿಯೊಂದನ್ನು ಕಟ್ಟಿಟ್ಟಿದ್ದಾರೆ. ನಾವು ಒಳಗೆ ಹೋಗಿ ನಿಂತೆವು. ಗಾಳಿ ಮಾತ್ರ ಇತ್ತು.

ರೈಲಿಗೆ 'ಘಾನ್' ಎಂಬ ಹೆಸರು ಬಂದದ್ದು ಈ ಅಫ್ಘಾನರಿಂದ ಎನ್ನುವುದು ರೂಢಿಯ ಮಾತು. ರೈಲಿಗೆ ಹೆಸರು ಕೊಟ್ಟವರಿಗೆ ದೇಶ ಪೌರತ್ವ ಕೊಡಲಿಲ್ಲ. 1901ರ ಕಾನೂನಿನ ಪ್ರಕಾರ ಒಳಬರುವವನಿಗೆ ಅಧಿಕಾರಿ ತನಗೆ ತೋಚಿದ ಐರೋಪ್ಯ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಉರ್ದು ಶಾಲೆಯಲ್ಲಿ ಇಮ್ಲಾ ಬರೆದು ಶಾಬಾಶ್ ಎನ್ನಿಸಿಕೊಂಡ ನಾನು ಐದನೇ ಕ್ಲಾಸಿಗೆ ಕನ್ನಡ ಶಾಲೆಗೆ ಬಂದು ಮೊದಲ ಉಕ್ತಲೇಖನದಲ್ಲಿ ಸೊನ್ನೆ ತೆಗೆದಿದ್ದೆ. ನಮ್ಮ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು, ಊರು ಬಿಡಿಸಲಿಲ್ಲ. ಒಂಟೆಯವನು ಒಮ್ಮೆ ತನ್ನ ಊರಿಗೆ ಹೋಗಿ ಮರಳಬೇಕಾದರೆ ಆ ಪರೀಕ್ಷೆಯಿಂದ ವಿನಾಯಿತಿ ಪತ್ರ ಪಡೆಯಬೇಕಿತ್ತು. ಫೋಟೋ, ಅಂಗೈಯ ಗುರುತು ಎಲ್ಲ ಕೊಟ್ಟು.

'ವಿನಾಯಿತಿ' ಎಂಬ ಮಾತು ಬಂದಾಗ ತಮ್ಮ ಸ್ಟೇರಿಂಗಿನ ಮೇಲಿನ ಕೈ ಬದಲಿಸಿದ. ಅಷ್ಟೇ. ನಾನು ಮಾತು ಬೇರೆ ಕಡೆ ತಿರುಗಿಸಿದೆ.

ದಾರಿ ಹೇಗಿತ್ತೆಂದರೆ ಮನೆಗೆ ಹೊದಿಸುವ ತಗಡಿನ ಶೀಟು ಇರುತ್ತದಲ್ಲ, ಅದರ ಮೇಲೆ ಅಡ್ಡಡ್ಡ ಓಡಿಸಿದ ಹಾಗೆ. ನಲವತ್ತರಲ್ಲಿ ಹೋದರೆ ಹಲ್ಲು ಉದುರುತ್ತವೆ. ಎಪ್ಪತ್ತು ಎಂಬತ್ತಕ್ಕೆ ಏರಿಸಿದರೆ ಚಕ್ರ ದಿಣ್ಣೆಯಿಂದ ದಿಣ್ಣೆಗೆ ಹಾರುತ್ತಾ ಹೋಗಿ ಒಳಗೆ ಶಾಂತಿ. ಆದರೆ ಆಗ ಬ್ರೇಕೂ ಹಿಡಿಯುವುದಿಲ್ಲ, ಸ್ಟೇರಿಂಗೂ ಸರಿಯಾಗಿ ಮಾತು ಕೇಳುವುದಿಲ್ಲ. ಎಡಬಲಕ್ಕೆ ಕೆಂಪು ಕಲ್ಲು. ಎಲ್ಲಿಯೋ ಒಂದು ಕಡೆ ಐರ್ ಸರೋವರದ ದಕ್ಷಿಣ ಭಾಗ ಬೆಳ್ಳಗೆ ಉಪ್ಪಾಗಿ ಕಂಡಿತು. ಅಲ್ಲಲ್ಲಿ ಭೂಮಿಯೊಳಗಿಂದ ತಾನಾಗಿ ಉಕ್ಕುವ ಬುಗ್ಗೆಗಳು. ಅರಬಾನಾ ಎಂಬ ಮೂಲನಿವಾಸಿಗಳು ಸಾವಿರಾರು ವರ್ಷ ಈ ಬುಗ್ಗೆಯಿಂದ ಆ ಬುಗ್ಗೆಗೆ ನಡೆದದ್ದರಿಂದಲೇ ಇಲ್ಲಿ ದಾರಿ ಎಂಬುದಿದೆ. ತಂತಿ, ರೈಲು, ಒಂಟೆ, ನಮ್ಮ ಗಾಡಿ ಎಲ್ಲವೂ ಅವರ ನೀರಿನ ಬೆನ್ನು ಹಿಡಿದೇ ಬಂದವು.

ವಿಲಿಯಂ ಕ್ರೀಕ್ ದಾಟಿ ನೂರು ಕಿಲೋಮೀಟರಿನ ಮೇಲೆ ಟೆಂಪರೇಚರ್ ಮುಳ್ಳು ಏರತೊಡಗಿತು. ಬಾನೆಟ್ಟು ಎತ್ತಿದರೆ ಹಬೆ. ಅಲುಗಾಟಕ್ಕೆ ರೇಡಿಯೇಟರಿನ ಹೋಸ್ ಎಲ್ಲೋ ಉಜ್ಜಿ ಉಜ್ಜಿ ಸೀಳಿತ್ತು. ಹಳೆಯ ರೈಲು ದಿಬ್ಬದ ಪಕ್ಕ ಗಾಡಿ ನಿಂತಿತು. 1980ರಲ್ಲಿ ರೈಲು ಬೇರೆ ದಾರಿ ಹಿಡಿದ ಮೇಲೆ ಅಲ್ಲಿ ಉಳಿದಿರುವುದು ದಿಬ್ಬ ಮಾತ್ರ. ಒಂದು ಗಂಟೆ ಹೊತ್ತು ಯಾವ ಗಾಡಿಯೂ ಬರಲಿಲ್ಲ.

"ಟ್ಯೂಬು ಇದೆಯೇನೋ?" ಎಂದೆ.

ಅವನು ಸೀಟಿನ ಕೆಳಗೆ ಕೈಹಾಕಿ ಸೈಕಲ್ಲಿನ ಹಳೆಯ ಟ್ಯೂಬು ತೆಗೆದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಶಾಲೆಯ ರಜೆಯಲ್ಲಿ ನಾನು ಅಬ್ಬಾರ ಲಾರಿಗೆ ಕ್ಲೀನರ್. ಡ್ರೈವಿಂಗ್ ಕಲಿಯಲೇ ಇಲ್ಲ, ಆದರೆ ಹೋಸ್ ಕಟ್ಟುವುದು ಬರುತ್ತಿತ್ತು. ಇಂಜಿನ್ ತಣ್ಣಗಾಗುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು. ಟ್ಯೂಬನ್ನು ಎರಡು ಬೆರಳಗಲ ಉದ್ದಕ್ಕೆ ಸೀಳಬೇಕು, ಚೆನ್ನಾಗಿ ಎಳೆದು ಎಳೆದು ಒಂದರ ಮೇಲೊಂದು ಅರ್ಧ ಬರುವಂತೆ ಸುತ್ತಬೇಕು, ಮೇಲೆ ತಂತಿ. ನಾನು ಸುತ್ತುತ್ತಿದ್ದೆ, ಅವನು ತುದಿ ಹಿಡಿದಿದ್ದ.

ಹಾಗೆ ತುದಿ ಹಿಡಿದುಕೊಂಡೇ ಕೇಳಿದ: "ಅಬ್ಬಾನ ಇಳಿಸುವಾಗ ಮುಖ ನೋಡಿದಿರಾ ಭೈಯಾ?"

ಅಬ್ಬಾ ಹೋದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ. ಆಗ ಆಸ್ಟ್ರೇಲಿಯಾದ ಗಡಿ ಮುಚ್ಚಿತ್ತು. ಅಲ್ಲಿನ ಪೌರನೂ ಹೊರಗೆ ಹೋಗಬೇಕಾದರೆ ವಿನಾಯಿತಿಗೆ ಅರ್ಜಿ ಹಾಕಬೇಕು. ಆ ತಿಂಗಳ ಮೊದಲ ಎರಡು ವಾರವಂತೂ ಭಾರತದಲ್ಲಿದ್ದು ಮರಳಿದ ಪೌರನಿಗೂ ಜೈಲು, ದಂಡ ಎಂಬ ಆಜ್ಞೆಯಿತ್ತು. ಇವನ ಅರ್ಜಿಗೆ ಉತ್ತರ ಬಂದಾಗ ನಲವತ್ತನೇ ದಿನ ಕಳೆದಿತ್ತು. ಬಂದಿದ್ದರೂ ಜನಾಜಾಕ್ಕೆ ಸಿಗುತ್ತಿರಲಿಲ್ಲ, ಅದು ಬೇರೆ ಮಾತು. ಅಂದು ರಾತ್ರಿ ಫೋನಿನಲ್ಲಿ ಅವನು ಅಳುತ್ತಿದ್ದಾಗ ನಾನು, "ಎಲ್ಲಾ ಚೆನ್ನಾಗಿ ಆಯಿತು, ನಾನೇ ಖಬರಿಗೆ ಇಳಿಸಿದೆ" ಎಂದಿದ್ದೆ.

ಅದು ಸುಳ್ಳು. ನನಗೂ ಸೋಂಕಿತ್ತು, ಮನೆಯಲ್ಲಿ ಮಲಗಿದ್ದೆ. ಅಬ್ಬಾರನ್ನು ದಫನ್ ಮಾಡಿದವರು ಊರಿನ ಸ್ವಯಂಸೇವಕ ಹುಡುಗರು. ನಾನು ಖಬರಸ್ತಾನದ ಗೇಟನ್ನೂ ನೋಡಲಿಲ್ಲ. 2022ರಲ್ಲಿ ಅವನು ಬಂದು ಖಬರಿನ ಮುಂದೆ ಹತ್ತು ನಿಮಿಷ ನಿಂತಿದ್ದಾಗಲೂ ನಾನು ಪಕ್ಕದಲ್ಲೇ ಇದ್ದು ಹೇಳಲಿಲ್ಲ.

ಪಟ್ಟಿ ಸುತ್ತುತ್ತಲೇ ಹೇಳಿದೆ. ಕಣ್ಣು ಹೋಸಿನ ಮೇಲೇ ಇಟ್ಟುಕೊಂಡು. ಎದುರಾಬದುರು ಕೂತಿದ್ದರೆ ಆಗುತ್ತಿರಲಿಲ್ಲ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಹುಡುಗರು ವಿಡಿಯೋ ಕಳಿಸಿದ್ದರಲ್ಲ. ಬಿಳೀ ಕಿಟ್ ಹಾಕಿಕೊಂಡು ನಾಲ್ಕು ಜನ. ಅದರಲ್ಲಿ ಎತ್ತರ ಇದ್ದವರು ನೀವು ಅಂದುಕೊಂಡಿದ್ದೆ. ಎಷ್ಟು ಸಲ ನೋಡಿದೀನಿ" ಎಂದ.

"ಅವನು ಯಾರೋ ನನಗೂ ಗೊತ್ತಿಲ್ಲ ಕಣೋ."

"ಮೆತ್ತಗೆ ಇಳಿಸಿದ," ಎಂದ ತಮ್ಮ. "ತಲೆ ಕಡೆ ಕೈ ಕೊಟ್ಟು."

ಕುಡಿಯುವ ನೀರಿನ ಎರಡು ಕ್ಯಾನು ರೇಡಿಯೇಟರಿಗೆ ಹೋಯಿತು. ಅಸರಿನ ಹೊತ್ತಾಗಿತ್ತು. ಸೂರ್ಯ ಇಳಿಯುವ ಕಡೆಯೇ ಹೆಚ್ಚು ಕಡಿಮೆ ಕಿಬ್ಲಾ. ದಿಬ್ಬದ ಪಕ್ಕ ಪ್ರಯಾಣಿಕರ ಎರಡು ರಕಾತ್ ಓದಿದೆವು. ಒಂಟೆಯವರೂ ಇಲ್ಲೆಲ್ಲೋ ಹೀಗೆ ನಿಂತಿರಬೇಕು ಎಂದುಕೊಂಡೆ. 1925ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಒಂಟೆಗಳನ್ನು ಕೊಲ್ಲಲು ಕಾನೂನನ್ನೇ ತಂದಿತು. ಲಾರಿಗಳು ಬಂದಿದ್ದವು, ಒಂಟೆ ಬೇಡವಾಗಿತ್ತು. ಕೊಲ್ಲಲು ಮನಸ್ಸಾಗದ ಎಷ್ಟೋ ಜನ ಹಗ್ಗ ಬಿಚ್ಚಿ ಮರುಭೂಮಿಗೆ ಬಿಟ್ಟುಬಿಟ್ಟರಂತೆ. ಅವುಗಳ ಸಂತತಿ ಈಗಲೂ ಅಲ್ಲಿ ಕಾಡುಪ್ರಾಣಿಯಾಗಿ ಅಲೆಯುತ್ತಿದೆ. ನಮಗೆ ಒಂದೂ ಕಾಣಲಿಲ್ಲ.

ಆಲ್ಜಿಬಕೀನಾದ ಹಳೆಯ ಕಬ್ಬಿಣದ ಸೇತುವೆಯ ಹತ್ತಿರ ಬಂದಾಗ ಕತ್ತಲಾಗಿತ್ತು. ಅಷ್ಟು ದೊಡ್ಡ ಸೇತುವೆಯ ಕೆಳಗೆ ನೀರು ಸ್ವಲ್ಪವೇ. ರಾತ್ರಿ ಅಲ್ಲೇ ಮಲಗಿದೆವು. ತಮ್ಮ ಅಬ್ಬಾರ ಲಾರಿಯ ಕಥೆಗಳನ್ನು ಹೇಳುತ್ತಾ ಹೋದ, ಕೆಲವನ್ನು ತಪ್ಪು ಹೇಳಿದ, ನಾನು ತಿದ್ದಲಿಲ್ಲ. ಮರುದಿನ ಊಡ್ನಡಾಟಾ, ಅಲ್ಲಿಂದ ಮಾರ್ಲಾ. ಟಾರು ಸಿಕ್ಕ ಕೂಡಲೇ ಟೈರಿಗೆ ಗಾಳಿ ತುಂಬಿ, ಹಬ್ಬನ್ನು ಮತ್ತೆ ತಿರುಗಿಸಿ, ಹೋಸನ್ನು ಮುಟ್ಟಿ ನೋಡಿದೆವು. ಒಂದು ಹನಿ ಸೋರಿರಲಿಲ್ಲ.

ಕಳೆದ ವಾರ ಫೋನಿನಲ್ಲಿ ಗಾಡಿಯ ವಿಷಯ ಬಂತು. ಹೊಸ ಹೋಸ್ ಹಾಕಿಸಿ ಬಹಳ ದಿನವಾಯಿತಂತೆ. ಟ್ಯೂಬಿನ ಪಟ್ಟಿಯನ್ನು ಬಿಚ್ಚಿ, ತೊಳೆದು, ಸೀಟಿನ ಕೆಳಗೇ ಇಟ್ಟಿದ್ದಾನೆ.